ಪಾಠ ಹೇಳಲು ಹೋಗಿ ಆರಿಯಸ್‌ನ ಕೈಗೆ ಸಿಕ್ಕಿಬಿದ್ದೆ

ಮೊದಲ ಭಾನುವಾರ ಚರ್ಚಿನ ಪಾಠಕ್ಕೆ ನಾನು ಎರಡು ಮೇಣದಬತ್ತಿ ತೆಗೆದುಕೊಂಡು ಹೋಗಿದ್ದೆ. ಒಂದನ್ನು ಹಚ್ಚಿ, ಅದರಿಂದ ಇನ್ನೊಂದನ್ನು ಹಚ್ಚಿದೆ. ‘ನೋಡಿ, ಮೊದಲನೆಯದರ ಬೆಳಕು ಒಂಚೂರೂ ಕಡಿಮೆಯಾಗಲಿಲ್ಲ. ತಂದೆಯಿಂದ ಮಗನು ಬಂದದ್ದೂ ಹೀಗೇ’ ಎಂದೆ. ಎಲ್ಲರೂ ತಲೆಯಾಡಿಸಿದರು. ಒಬ್ಬರು ಫೋಟೋ ಕೂಡ ತೆಗೆದರು. ನನಗೆ ಒಳಗೊಳಗೇ ಖುಷಿ.

ಆ ವಾರವೇ ಒಂದು ರಾತ್ರಿ, ಮಗನೂ ಸೃಷ್ಟಿಯೇ ಎಂದ ಅಲೆಕ್ಸಾಂಡ್ರಿಯಾದ ಪಾದ್ರಿ ಆರಿಯಸ್ ತನ್ನ ಬಿಷಪ್ ಅಲೆಕ್ಸಾಂಡರ್‌ಗೆ ಬರೆದ ಪತ್ರ ಓದಿದೆ. ಸುಮಾರು 320ರ ಹೊತ್ತಿನದು, ಒಂದೆರಡು ಪುಟದ ಪತ್ರ ಅಷ್ಟೇ. ಅದರಲ್ಲಿತ್ತು ನನ್ನ ಮೇಣದಬತ್ತಿ! ಮಗನೆಂದರೆ ಹೈರಾಕಸ್ ಎಂಬ ಬೋಧಕ ಹೇಳಿದ ಹಾಗೆ ದೀಪದಿಂದ ಹಚ್ಚಿದ ದೀಪವಲ್ಲ, ಎರಡಾಗಿ ಸೀಳಿದ ಪಂಜೂ ಅಲ್ಲ ಅಂತ ಅವನು ಬರೆದಿದ್ದ. ನನ್ನ ಉದಾಹರಣೆಗೆ ಉತ್ತರ 1700 ವರ್ಷದ ಹಿಂದೆಯೇ ಸಿದ್ಧವಾಗಿತ್ತು. ಯೋಚಿಸಿದರೆ ಅವನ ಮಾತು ಸರಿಯೇ. ಹಚ್ಚಿದ ಮೇಲೆ ಎರಡು ಬತ್ತಿ, ಎರಡು ಜ್ವಾಲೆ. ಒಂದನ್ನು ಊದಿದರೆ ಇನ್ನೊಂದು ಉರಿಯುತ್ತಲೇ ಇರುತ್ತದೆ. ಒಬ್ಬನೇ ದೇವರು ಅಂತ ಹೇಳಲು ಹೋಗಿ ಇಬ್ಬರನ್ನು ತೋರಿಸಿ ಬಂದಿದ್ದೆ.

ನಾನು ಅಯ್ಯನವರಲ್ಲ, ಸೆಮಿನರಿ ಮೆಟ್ಟಿಲು ಹತ್ತಿದವನೂ ಅಲ್ಲ. ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುತ್ತೇನೆ. 325ರಲ್ಲಿ ಬಿಷಪ್‌ಗಳು ಸೇರಿ ಆರಿಯಸ್‌ನ ಬೋಧನೆಯನ್ನು ತಳ್ಳಿಹಾಕಿದ ನೈಸಿಯಾ ಮಹಾಸಭೆಗೆ 2025ಕ್ಕೆ 1700 ವರ್ಷ ತುಂಬಿತು. ನಾಲ್ಕು ಭಾನುವಾರ, ಆರಾಧನೆ ಮುಗಿದ ಮೇಲೆ 45 ನಿಮಿಷ ಮಾತಾಡು ಎಂದು ನಮ್ಮ ಸಭೆಯವರು ಕೇಳಿದರು. ಒಪ್ಪಿಕೊಂಡೆ. ಆರಿಯಸ್ ಕೆಟ್ಟವನು, ಅವನ ಬೋಧನೆಯನ್ನು ಎದುರಿಸಿದ ಅಥನಾಸಿಯಸ್ ಒಳ್ಳೆಯವನು, ಕೊನೆಗೆ ಸತ್ಯ ಗೆದ್ದಿತು. ಇಷ್ಟು ಹೇಳಿದರೆ ಮುಗಿಯಿತು ಅಂದುಕೊಂಡಿದ್ದೆ.

ಆ ಪತ್ರ ನನ್ನ ಲೆಕ್ಕವನ್ನೆಲ್ಲಾ ಕೆಡಿಸಿತು. ಅದರಲ್ಲಿ ಆರಿಯಸ್ ನಾಲ್ಕು ಜನರನ್ನು ಹೆಸರಿಟ್ಟು ತಳ್ಳಿಹಾಕುತ್ತಾನೆ: ವ್ಯಾಲೆಂಟಿನಸ್, ಮಾನಿ, ಸಬೆಲ್ಲಿಯಸ್, ಹೈರಾಕಸ್. ಅಂದರೆ ಅವನ ಲೆಕ್ಕದಲ್ಲಿ ದುರ್ಬೋಧನೆಯ ವಿರುದ್ಧ ಕಾವಲು ನಿಂತವನು ಅವನೇ! ಇದು ನನಗೆ ಗೊತ್ತೇ ಇರಲಿಲ್ಲ. ಸಬೆಲ್ಲಿಯಸ್ ಹೆಸರು ನೋಡಿದಾಗಲಂತೂ ಇನ್ನೊಂದು ಏಟು ಬಿತ್ತು. ಸಂಡೇ ಸ್ಕೂಲಿನಲ್ಲಿ ವರ್ಷಗಟ್ಟಲೆ ನಾನು ‘ನೀರು, ಮಂಜುಗಡ್ಡೆ, ಹಬೆ’ ಅಂತ ತ್ರಯೈಕ ದೇವರನ್ನು (ತಂದೆ, ಮಗ, ಪವಿತ್ರಾತ್ಮ) ವಿವರಿಸಿದ್ದೇನೆ. ಒಬ್ಬನೇ ದೇವರು ಒಮ್ಮೆ ತಂದೆಯಾಗಿ, ಒಮ್ಮೆ ಮಗನಾಗಿ ಕಾಣಿಸಿಕೊಳ್ಳುತ್ತಾನೆ ಅನ್ನುವುದೇ ಸಬೆಲ್ಲಿಯಸ್‌ನ ಹೆಸರಿಗೆ ಅಂಟಿದ ತಪ್ಪು. ಇದೇ ಜಾತಿಯ ಬೋಧನೆ ಹೇಳುತ್ತಿದ್ದ ಪ್ರಾಕ್ಸಿಯಸ್‌ನನ್ನು ಆದಿ ಸಭೆಯ ಲೇಖಕ ಟೆರ್ಟುಲಿಯನ್ ‘ಇವನು ತಂದೆಯನ್ನೇ ಶಿಲುಬೆಗೆ ಹಾಕಿದ’ ಅಂತ ಚುಚ್ಚಿದ್ದ. ಆದರೆ ಯೇಸುವಿನ ದೀಕ್ಷಾಸ್ನಾನ ನೋಡಿ: ಯೊರ್ದನ್ ಹೊಳೆಯಲ್ಲಿ ಮಗನು ನೀರಿನಲ್ಲಿದ್ದಾನೆ, ಪವಿತ್ರಾತ್ಮನು ಪಾರಿವಾಳದ ಹಾಗೆ ಇಳಿಯುತ್ತಿದ್ದಾನೆ, ಮೇಲಿಂದ ತಂದೆಯ ಧ್ವನಿ ಬರುತ್ತಿದೆ. ಮೂವರೂ ಒಟ್ಟಿಗೆ. (0.01 ಡಿಗ್ರಿಯಲ್ಲಿ, ಒತ್ತಡ ಸರಿಯಾಗಿದ್ದರೆ ನೀರಿನ ಮೂರು ರೂಪಗಳೂ ಒಟ್ಟಿಗೇ ಇರುತ್ತವೆ ಅಂತ ವಿಜ್ಞಾನದ ಮೇಷ್ಟ್ರು ವಾದಿಸಬಹುದು. ಆಗ ಒಂದೇ ನೀರು ಮೂರು ತುಂಡಾಯಿತು ಅಷ್ಟೇ. ಒಂದು ಹೊಂಡದಿಂದ ಎದ್ದು ಇನ್ನೊಂದರಲ್ಲಿ ಬಿದ್ದ ಹಾಗೆ.)

ಎರಡನೇ ಭಾನುವಾರ ನಾನು ಏನೂ ವಿವರಿಸಲಿಲ್ಲ. ಆರಿಯಸ್‌ನ ಮಾತನ್ನು ಹೆಸರು ಹೇಳದೆ ಬೋರ್ಡಿನ ಮೇಲೆ ಬರೆದೆ. ದೇವರು ಒಬ್ಬನೇ, ಆದಿಯಿಲ್ಲದವನು. ಮಗನು ಯುಗಗಳಿಗಿಂತ ಮೊದಲೇ ತಂದೆಯಿಂದ ಉಂಟಾದವನು. ಅವನು ದೇವರ ಪರಿಪೂರ್ಣ ಸೃಷ್ಟಿ, ಆದರೆ ಉಳಿದ ಸೃಷ್ಟಿಗಳ ಹಾಗಲ್ಲ. ‘ಒಪ್ಪುವವರು ಕೈ ಎತ್ತಿ’ ಎಂದೆ. ಸುಮಾರು 30 ಜನ ಇದ್ದರು. 20ಕ್ಕಿಂತ ಜಾಸ್ತಿ ಕೈ ಮೇಲೆ ಬಂತು. ಇದನ್ನು ಬರೆದವನು ಆರಿಯಸ್ ಎಂದಾಗ ಒಂದು ಕ್ಷಣ ಯಾರೂ ಮಾತಾಡಲಿಲ್ಲ. ಆಮೇಲೆ ಒಬ್ಬ ಹಿರಿಯರು, ‘ಇದರಲ್ಲಿ ತಪ್ಪೇನಿದೆ ಹೇಳಪ್ಪ ಹಾಗಾದ್ರೆ’ ಎಂದರು. ನನಗೆ ಬೇಕಾಗಿದ್ದದ್ದು ಅದೇ ಪ್ರಶ್ನೆ. ಯಾವುದನ್ನು ಕಂಡು ಜನ ಒಪ್ಪಿದ್ದರು ಎಂದು ಗೊತ್ತಾಗದಿದ್ದರೆ, ಅದನ್ನು ಬೇಡ ಅಂದದ್ದು ಯಾಕೆ ಅಂತಲೂ ಗೊತ್ತಾಗುವುದಿಲ್ಲ.

ಅಥನಾಸಿಯಸ್‌ನ ಉತ್ತರ ಹೇಳಿದೆ. ಮನುಷ್ಯ ಮನೆ ಕಟ್ಟುತ್ತಾನೆ, ಮಗನನ್ನು ಹುಟ್ಟಿಸುತ್ತಾನೆ. ಮನೆ ಎಷ್ಟೇ ಚೆಂದವಾಗಿರಲಿ, ಅದು ಮನುಷ್ಯ ಅಲ್ಲ. ಮಗ ಮನುಷ್ಯನೇ. ವಿಶ್ವಾಸ ಪ್ರಮಾಣದಲ್ಲಿ ‘ಹುಟ್ಟಿದವನು, ಮಾಡಲ್ಪಟ್ಟವನಲ್ಲ’ ಅಂತ ನಾವು ಹೇಳುವ ಸಾಲು ಇರುವುದು ಇದಕ್ಕೇ. ಇದು ಎಲ್ಲರಿಗೂ ತಟ್ಟಿತು. ಅದೇ ಪ್ರಮಾಣದಲ್ಲಿರುವ ಗ್ರೀಕಿನ ‘ಹೊಮೊಊಸಿಯೋಸ್’ ಪದಕ್ಕೆ ಬಂದಾಗ ಮಾತ್ರ ಗಾಡಿ ನಿಂತಿತು. ‘ಒಂದೇ ಸತ್ವ’ ಎಂದೆ. ಸತ್ವ ಅಂದ ಕೂಡಲೇ ಹಿಂದಿನ ಬೆಂಚಿನಿಂದ ‘ರಾಗಿಲಿ ಇರುತ್ತಲ್ಲ, ಅದಾ?’ ಅಂತ ಬಂತು. ಎಲ್ಲರೂ ನಕ್ಕರು. ಸತ್ವವನ್ನು ಕೈಬಿಟ್ಟು ‘ಒಂದೇ’ ಮತ್ತು ‘ಒಂದೇ ಥರ’ ಅಂತ ಎರಡು ಪದ ಬರೆದೆ. ಅವಳಿ ಮಕ್ಕಳು ಒಂದೇ ಥರ ಇರಬಹುದು, ಒಂದೇ ಅಲ್ಲ. ಗ್ರೀಕಿನಲ್ಲಿ ಈ ಎರಡಕ್ಕೆ ಇರುವ ವ್ಯತ್ಯಾಸ ಒಂದು ಅಕ್ಷರ, ‘ಅಯೋಟಾ’. ಆ ಅಕ್ಷರದ ಜಗಳ ನೈಸಿಯಾದಲ್ಲೇ ನಡೆಯಿತು ಅಂತ ತುಂಬಾ ಜನ ಹೇಳುತ್ತಾರೆ. ಅದು ಎದ್ದದ್ದು 350ರ ದಶಕದಲ್ಲಿ.

ಸಂತ ನಿಕೋಲಸ್ ಆರಿಯಸ್‌ಗೆ ಕಪಾಳಮೋಕ್ಷ ಮಾಡಿದ ಕಥೆಯನ್ನೂ ಒಬ್ಬರು ವಾಟ್ಸ್ಆ್ಯಪ್‌ನಲ್ಲಿ ತೋರಿಸಿದರು. ಅದು ಎಷ್ಟೋ ಶತಮಾನ ಕಳೆದ ಮೇಲೆ ಹುಟ್ಟಿದ ಕಥೆ. ಸತ್ಯವೇದದಲ್ಲಿ ಯಾವ ಪುಸ್ತಕ ಇರಬೇಕು ಅಂತ ನೈಸಿಯಾದಲ್ಲಿ ತೀರ್ಮಾನಿಸಿದರು ಅನ್ನುವುದೂ ಸುಮ್ನೆ ಮಾತು. ಅಲ್ಲಿ ಮಾಡಿದ 20 ನಿಯಮಗಳಲ್ಲಿ ಅದರ ಸುದ್ದಿಯೇ ಇಲ್ಲ.

ಮೂರನೇ ವಾರ ಮೇಣದಬತ್ತಿಯ ಬದಲು ಸೂರ್ಯನನ್ನು ಹಿಡಿದೆ. ಅಥನಾಸಿಯಸ್‌ಗೆ ಇಷ್ಟವಾದ ಉದಾಹರಣೆ ಅದು. ಸೂರ್ಯ ಇದ್ದು ಬೆಳಕು ಇಲ್ಲದ ಹೊತ್ತು ಯಾವುದೂ ಇಲ್ಲ. ಹಾಗೇ ತಂದೆ ಇದ್ದು ಮಗನಿಲ್ಲದ ಹೊತ್ತೂ ಇಲ್ಲ. ಮುಗಿಸುವಷ್ಟರಲ್ಲಿ ನನ್ನದೇ ಶಾಲೆಯ ಒಂಬತ್ತನೇ ಕ್ಲಾಸಿನ ಹುಡುಗ ಕೈ ಎತ್ತಿದ. ‘ಸಾರ್, ಬೆಳಕು ಬರೋಕೆ 8 ನಿಮಿಷ ಬೇಕಲ್ವಾ? ಹಾಗಾದ್ರೆ ಮಗ ಲೇಟಾ?’ ನಾನೇ ಕಲಿಸಿದ್ದು ನನಗೇ ತಿರುಗಿ ಬಂತು. ಆ 8 ನಿಮಿಷ ಬೆಳಕು ನಮ್ಮನ್ನು ಮುಟ್ಟೋಕೆ ಬೇಕು, ಸೂರ್ಯನಿಂದ ಹೊರಡೋಕೆ ಅಲ್ಲ ಎಂದೆ. ಒಪ್ಪಿದ ಹಾಗೆ ಕಂಡ. ಪೂರ್ತಿ ಒಪ್ಪಿದನೋ ಇಲ್ಲವೋ.

ನಾಲ್ಕನೇ ವಾರಕ್ಕೆ ನಾನು ಜಾಸ್ತಿ ಕಷ್ಟಪಟ್ಟದ್ದು ಜ್ಞಾನೋಕ್ತಿ 8:22ಕ್ಕೆ. ಆರಿಯಸ್ ಕಡೆಯವರ ದೊಡ್ಡ ಅಸ್ತ್ರ ಈ ವಚನ. ಅಲ್ಲಿ ಜ್ಞಾನವೇ ಮಾತಾಡುತ್ತದೆ. ಗ್ರೀಕ್ ಅನುವಾದದಲ್ಲಿ ‘ಕರ್ತನು ನನ್ನನ್ನು ಸೃಷ್ಟಿಸಿದನು’ ಅಂತಿದೆ. ಆ ಜ್ಞಾನ ಕ್ರಿಸ್ತನೇ ಅಂತ ಎರಡೂ ಕಡೆಯವರು ಒಪ್ಪಿದ್ದರಿಂದ ತಪ್ಪಿಸಿಕೊಳ್ಳಲು ದಾರಿ ಇರಲಿಲ್ಲ. ಇದು ಮಗನು ಮನುಷ್ಯನಾದದ್ದರ ಬಗ್ಗೆ ಹೇಳಿದ್ದು ಅಂತ ಅಥನಾಸಿಯಸ್ ಅರ್ಥ ಮಾಡಿದ. ನಿಜ ಹೇಳಬೇಕೆಂದರೆ ನನಗೆ ಅದು ಎಳೆದು ಕಟ್ಟಿದ ಹಾಗೆ ಅನಿಸಿತು. ಹೀಬ್ರೂ ಮೂಲದಲ್ಲಿರುವುದು ‘ಕಾನಾ’ ಅನ್ನುವ ಕ್ರಿಯಾಪದ. ಅದಕ್ಕೆ ಪಡೆದುಕೊಳ್ಳುವುದು ಎಂಬ ಅರ್ಥ ಇದೆ. ಹವ್ವಳು ಕಾಯಿನನನ್ನು ಹೆತ್ತು ಹೇಳುವ ಮಾತಿನಲ್ಲಿರುವುದೂ ಅದೇ ಪದ. ಒಂದೇ ಪದಕ್ಕೆ ಪಡೆಯುವುದು, ಹೆರುವುದು ಎರಡೂ ಹೇಗೆ ಅಂತ ಯೋಚಿಸುತ್ತಾ ಕೂತಿದ್ದಾಗ ತಟ್ಟನೆ ಹೊಳೆಯಿತು. ನಮ್ಮಲ್ಲೇ ಇದೆಯಲ್ಲ! ಎದ್ದು ಕಿಟೆಲ್ ನಿಘಂಟು ತೆಗೆದೆ. ಮಂಗಳೂರಿನ ಬಾಸೆಲ್ ಮಿಷನ್ 1894ರಲ್ಲಿ ಅಚ್ಚು ಹಾಕಿದ್ದರ ಮರುಮುದ್ರಣ. ಹಳಗನ್ನಡದ ‘ಪಡೆ’ಯೇ ಇವತ್ತಿನ ‘ಹಡೆ’. ಪಾಲು ಹಾಲಾದ ಹಾಗೆ. ಹಡೆದವ್ವ ಅಂದರೆ ಪಡೆದವ್ವ.

ಭಾನುವಾರ ಬೋರ್ಡಿನ ಮೇಲೆ ಎರಡೇ ಪದ ಬರೆದೆ: ಮಾಡಿದ, ಪಡೆದ. ಮುಂದಿನ ಸಾಲಿನಲ್ಲಿದ್ದ ಅಜ್ಜಿಯೊಬ್ಬರು, ‘ಹಡೆದಿದ್ದನ್ನ ಯಾರಾದ್ರೂ ಮಾಡಿದ್ದು ಅಂತಾರಾ?’ ಎಂದರು. ನಾನು ನಾಲ್ಕು ವಾರ ಒದ್ದಾಡಿದ್ದು ಅಷ್ಟನ್ನು ಹೇಳೋಕೆ.

ಕೊನೆಗೆ 325ರ ವಿಶ್ವಾಸ ಪ್ರಮಾಣವನ್ನು ಒಟ್ಟಿಗೆ ಓದಿದೆವು. ನಾವು ಆರಾಧನೆಯಲ್ಲಿ ಹೇಳುವುದು ಅದಲ್ಲ, 381ರ ಕಾನ್‌ಸ್ಟಾಂಟಿನೋಪಲ್ ಸಭೆಯ ಹೆಸರಿನಲ್ಲಿ ಬಂದ ಉದ್ದನೆಯ ರೂಪ. 325ರದ್ದು ‘ಪವಿತ್ರಾತ್ಮನಲ್ಲಿಯೂ’ ಅನ್ನುವಲ್ಲಿಗೆ ನಿಲ್ಲುತ್ತದೆ, ಅದರ ಹಿಂದೆಯೇ ಆರಿಯಸ್‌ನ ಮಾತು ಹೇಳುವವರಿಗೆ ಬಹಿಷ್ಕಾರ. ಮೊನ್ನೆ ‘ತಪ್ಪೇನಿದೆ’ ಅಂತ ಕೇಳಿದ ಹಿರಿಯರೇ ಕನ್ನಡಕ ತೆಗೆದು, ‘ಪವಿತ್ರಾತ್ಮನಿಗೆ ಒಂದೇ ಪದನಾ? ಉಳಿದದ್ದು ಎಲ್ಲಿ ಹೋಯ್ತು?’ ಎಂದರು. ಆ ಉಳಿದದ್ದಕ್ಕೆ ಇನ್ನೂ 56 ವರ್ಷದ ಜಗಳ ಬೇಕಾಯಿತು ಎಂದೆ. ಹಾಗಾದರೆ ಇನ್ನೆರಡು ಭಾನುವಾರ ತಗೋ ಎಂದರು. ಈಗ ನಾಲ್ಕನೇ ಶತಮಾನದ ಬಿಷಪ್, ಸಿಸೇರಿಯಾದ ಬೆಸಿಲ್ ಪವಿತ್ರಾತ್ಮನ ಬಗ್ಗೆ ಬರೆದದ್ದನ್ನು ಓದುತ್ತಿದ್ದೇನೆ. ಈ ಸಲ ಅವನ ಎದುರಾಳಿಗಳ ಮಾತಿನಿಂದಲೇ ಶುರು ಮಾಡಿದ್ದೇನೆ. ಉದಾಹರಣೆ ಇನ್ನೂ ಒಂದೂ ಹುಡುಕಿಲ್ಲ.