ಡಿಎಲ್‌ಎಲ್ ಕಂಡ ಕೂಡಲೇ ಡಿಲೀಟ್ ಒತ್ತಬೇಡಿ

ಮಾಟುಂಗಾ, ಡೊಂಬಿವಲಿ ಕಡೆ ನಮ್ಮವರ ಹೋಟೆಲುಗಳ ಬಿಲ್ಲಿಂಗ್ ಕಂಪ್ಯೂಟರ್ ರಿಪೇರಿ ನನ್ನ ಕೆಲಸ. ಜಾಸ್ತಿ ಬರುವ ಫೋನ್ ಇದು: "ಮಾರಾಯ್ರೇ, ಎಂಎಸ್‌ವಿಸಿಪಿ140 ಡಿಎಲ್‌ಎಲ್ ಇಲ್ಲ ಅಂತಿದೆ. ವೈರಸ್ಸಾ?"

ಅಲ್ಲ. ಡಿಎಲ್‌ಎಲ್ ಅಂದರೆ ಬೇರೆ ಬೇರೆ ಸಾಫ್ಟ್‌ವೇರ್‌ಗಳು ಹಂಚಿಕೊಂಡು ಬಳಸುವ ಕೋಡ್ ಫೈಲು. ಇದು ಮೈಕ್ರೋಸಾಫ್ಟಿನದೇ ಫೈಲು, ವಿಷುಯಲ್ ಸಿ ಪ್ಲಸ್ ಪ್ಲಸ್ ರೀಡಿಸ್ಟ್ರಿಬ್ಯೂಟಬಲ್ ಅನ್ನುವ ಫೈಲುಗಳ ಕಟ್ಟಿನ ಜೊತೆ ಬರುತ್ತದೆ. ಮೈಕ್ರೋಸಾಫ್ಟ್ ಸೈಟಿನಿಂದಲೇ ಅದನ್ನು ಇಳಿಸಿ ಹಾಕಿ. ವಿಂಡೋಸ್ 64 ಬಿಟ್ ಇದ್ದರೂ ಎಕ್ಸ್86, ಎಕ್ಸ್64 ಎರಡನ್ನೂ ಹಾಕಿ. ಹಳೇ ಬಿಲ್ಲಿಂಗ್ ಸಾಫ್ಟ್‌ವೇರ್ 32 ಬಿಟ್ಟಿನದಾದರೆ ಅದಕ್ಕೆ ಬೇಕಾಗುವುದು ಎಕ್ಸ್86. 'ಫ್ರೀ ಡಿಎಲ್‌ಎಲ್' ಕೊಡುವ ಸೈಟುಗಳ ಕಡೆ ಮಾತ್ರ ಹೋಗಲೇಬೇಡಿ.

ಇನ್ನು ಅಸಲಿ ಯಾವುದು, ನಕಲಿ ಯಾವುದು? ಹೆಸರು ನಂಬಬೇಡಿ. ಉಡುಪಿ ಅಂತ ಬೋರ್ಡ್ ಹಾಕಿದ್ದೆಲ್ಲ ಉಡುಪಿ ಹೋಟೆಲ್ಲಾ? ಫೈಲು ಎಲ್ಲಿ ಕೂತಿದೆ ನೋಡಿ. ಕರ್ನೆಲ್32 ಡಿಎಲ್‌ಎಲ್ ಇರಬೇಕಾದ್ದು ವಿಂಡೋಸ್ ಒಳಗಿನ ಸಿಸ್ಟಮ್32 ಫೋಲ್ಡರಿನಲ್ಲಿ. ಅದೇ ಹೆಸರಿನದು ಆ್ಯಪ್‌ಡೇಟಾದಲ್ಲೋ ಟೆಂಪ್‌ನಲ್ಲೋ ಕಂಡರೆ ಅನುಮಾನಪಡಿ. 64 ಬಿಟ್ ವಿಂಡೋಸಿನ ಸಿಸ್‌ವಾವ್64 ಫೋಲ್ಡರಿನಲ್ಲೂ ಅದೇ ಹೆಸರು ಕಂಡರೆ ಹೆದರಬೇಡಿ. ಹೆಸರಲ್ಲಿ 64 ಇದ್ದರೂ ಒಳಗಿರುವುದು 32 ಬಿಟ್ ಫೈಲುಗಳು, ಸಿಸ್ಟಮ್32ರಲ್ಲಿ 64 ಬಿಟ್ಟಿನವು! ಯಾರ ತಲೆಗೆ ಹೊಳೆಯಿತೋ.

ಜಾಗ ಸರಿಯಿದ್ದರೂ ಸಹಿ ನೋಡಿ, ಅಂದರೆ ಫೈಲು ಯಾರದು ಅಂತ ಹೇಳುವ ಡಿಜಿಟಲ್ ಗುರುತು. ರೈಟ್ ಕ್ಲಿಕ್, ಪ್ರಾಪರ್ಟೀಸ್, ಡಿಜಿಟಲ್ ಸಿಗ್ನೇಚರ್ಸ್. ಆ ಟ್ಯಾಬೇ ಇಲ್ಲವೆಂದರೆ ನಕಲಿ ಅಂತ ತೀರ್ಮಾನಿಸಬೇಡಿ. ವಿಂಡೋಸಿನ ಎಷ್ಟೋ ಫೈಲುಗಳ ಸಹಿ ಬೇರೆ ಕ್ಯಾಟಲಾಗ್ ಫೈಲಿನಲ್ಲಿರುತ್ತದೆ. ಮೈಕ್ರೋಸಾಫ್ಟಿನ ಸಿಸ್‌ಇಂಟರ್ನಲ್ಸ್ ಸಲಕರಣೆಗಳಲ್ಲೊಂದಾದ ಸಿಗ್‌ಚೆಕ್ ಅದನ್ನೂ ಹುಡುಕಿ ಹೇಳುತ್ತದೆ. ಆಮೇಲೂ ಅನುಮಾನವಿದ್ದರೆ ವಿಂಡೋಸಿನದೇ ಆಂಟಿವೈರಸ್ ಆದ ಡಿಫೆಂಡರ್ ಆಫ್‌ಲೈನ್ ಸ್ಕ್ಯಾನ್ ಮಾಡಿ.

ಅಸಲಿ ಫೈಲೇ ಕೆಟ್ಟಿದೆಯಾ? ಕಮಾಂಡ್ ಪ್ರಾಂಪ್ಟನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆಯಿರಿ. ಮೊದಲು ಡಿಸ್ಮ್‌ನ ರೀಸ್ಟೋರ್‌ಹೆಲ್ತ್, ಆಮೇಲೆ ಎಸ್‌ಎಫ್‌ಸಿ ಸ್ಕ್ಯಾನ್‌ನೌ. ಎರಡೂ ವಿಂಡೋಸಿನದೇ ರಿಪೇರಿ ಕಮಾಂಡುಗಳು. ಎಸ್‌ಎಫ್‌ಸಿ ಒಳ್ಳೆಯ ಪ್ರತಿ ತರುವುದು ವಿಂಡೋಸ್ ಇಟ್ಟುಕೊಂಡ ದಾಸ್ತಾನಿನಿಂದ, ಆ ದಾಸ್ತಾನನ್ನು ಸರಿಮಾಡುವುದು ಡಿಸ್ಮ್. ಅದಕ್ಕೆ ಈ ಕ್ರಮ. ಡಿಸ್ಮ್‌ಗೆ ಸಾಮಾನ್ಯವಾಗಿ ಇಂಟರ್ನೆಟ್ ಬೇಕು. ನಡುವೆ ನಿಂತುಬಿಟ್ಟಂತೆ ಕಾಣುತ್ತದೆ, ಸುಮ್ನೆ ಬಿಡಿ. ಊಟದ ಹೊತ್ತಿನ ರಶ್‌ನಲ್ಲಿ ಶುರು ಮಾಡಬೇಡಿ ಅಷ್ಟೇ.

ಒಂದು ಎರರ್ ಮಾತ್ರ ಬೇರೆ ಜಾತಿಯದು. ಕಂಪ್ಯೂಟರ್ ಆನ್ ಮಾಡಿದಾಗಲೆಲ್ಲ 'ರನ್‌ಡಿಎಲ್‌ಎಲ್' ಅಂತ ಪೆಟ್ಟಿಗೆ ತೆರೆದು, ಕೇಳದ ಹೆಸರಿನ ಫೈಲು ಸಿಗಲಿಲ್ಲ ಅನ್ನುತ್ತದೆ. ಎಷ್ಟೋ ಸಲ ಆಂಟಿವೈರಸ್ ಕಳ್ಳ ಫೈಲನ್ನು ತೆಗೆದಿರುತ್ತದೆ, ಅದನ್ನು ಎಬ್ಬಿಸುವ ಸಾಲು ಮಾತ್ರ ಉಳಿದಿರುತ್ತದೆ. ಆ ಫೈಲನ್ನು ಹುಡುಕಿ ತರಬೇಡಿ. ಕಂಪ್ಯೂಟರ್ ಜೊತೆ ತಾನಾಗಿ ಶುರುವಾಗುವವನ್ನು ಪಟ್ಟಿ ಮಾಡುವ ಸಿಸ್‌ಇಂಟರ್ನಲ್ಸ್‌ನ ಆಟೋರನ್ಸ್ ತೆರೆದು, ಹಳದಿ ಬಣ್ಣದಲ್ಲಿ 'ಫೈಲ್ ನಾಟ್ ಫೌಂಡ್' ಅಂತಿರುವ ಸಾಲುಗಳಲ್ಲಿ ಅದೇ ಹೆಸರಿರುವುದರ ಟಿಕ್ ತೆಗೆಯಿರಿ. ರೀಸ್ಟಾರ್ಟ್ ಮಾಡಿದಾಗ ಪೆಟ್ಟಿಗೆ ಬರದಿದ್ದರೆ ಆ ಸಾಲನ್ನು ಅಳಿಸಬಹುದು.