ವಿಮಾನದ ಗದ್ದಲದಲ್ಲಿ ಮಾತು ಎಷ್ಟು ತಿಳಿಯುತ್ತದೆ: ಪರೀಕ್ಷಿಸುವ ಕ್ರಮ

ಬೆಳಗಾವಿಯ ಸಾಂಬ್ರಾದಲ್ಲಿ ಹಾರಾಟ ಕಲಿಯುವ ಅನೇಕರು ಮನೆಯಲ್ಲಿ ಕನ್ನಡವನ್ನೋ ಮರಾಠಿಯನ್ನೋ ಆಡುತ್ತಾರೆ. ಕಾಕ್‌ಪಿಟ್‌ನಲ್ಲಿ ಮಾತ್ರ ಇಂಗ್ಲಿಷ್ ಕೇಳಬೇಕಾಗುತ್ತದೆ. ಆದ್ದರಿಂದ ಹೆಡ್‌ಸೆಟ್ ಅಥವಾ ಇಂಟರ್‌ಕಾಮ್ (ವಿಮಾನದೊಳಗಿನವರು ತಮ್ಮತಮ್ಮಲ್ಲಿ ಮಾತಾಡುವ ಸಾಧನ) ಪರೀಕ್ಷಿಸುವವರು, ಪದ ತಪ್ಪಿದ್ದು ಎಂಜಿನ್ ಸದ್ದಿನಿಂದಲೋ ಭಾಷೆಯ ಅಭ್ಯಾಸ ಸಾಲದ್ದರಿಂದಲೋ ಎಂಬುದನ್ನು ಮೊದಲೇ ಬೇರ್ಪಡಿಸಿಕೊಳ್ಳಬೇಕು. ಹಾಗೆ ಮಾಡದೆ ಪಡೆದ ಅಂಕಗಳನ್ನು ಉಪಕರಣದ ಲೆಕ್ಕಕ್ಕೆ ಹಚ್ಚುವುದು ಅನ್ಯಾಯ.

ಇದಕ್ಕೆ ಮಾಡಿಫೈಡ್ ರೈಮ್ ಟೆಸ್ಟ್ ಎಂಬ ಪ್ರಾಸಪದಗಳ ಪರೀಕ್ಷೆ ತಕ್ಕದ್ದು. ಇದರಲ್ಲಿ 50 ಗುಂಪುಗಳಿದ್ದು, ಪಿನ್, ಸಿನ್, ಟಿನ್, ಫಿನ್, ಡಿನ್, ವಿನ್ ಎಂಬಂತೆ ಪ್ರತಿ ಗುಂಪಿನ ಆರು ಪದಗಳು ಒಂದೇ ವ್ಯಂಜನದಲ್ಲಿ ಬೇರೆಯಾಗುತ್ತವೆ. ಒಬ್ಬರು ಗುಂಪಿನ ಒಂದು ಪದವನ್ನು ಗೊತ್ತುಪಡಿಸಿದ ವಾಕ್ಯದೊಳಗೆ ಹೇಳುತ್ತಾರೆ. ಕೇಳುವವರು ಹಾಳೆಯಲ್ಲಿ ಅದನ್ನು ಗುರುತಿಸುತ್ತಾರೆ. ಮೊದಲ ಸುತ್ತು ನಿಶ್ಶಬ್ದ ಕೋಣೆಯಲ್ಲೇ ನಡೆಯಲಿ. ನಮ್ಮಲ್ಲಿ ಫಿನ್ ಮತ್ತು ಪಿನ್ ಅಲ್ಲಿಯೇ ಕಲಸಿಹೋಗಬಹುದು. ಅಂಥವರಿಗೆ ಅಭ್ಯಾಸ ಕೊಟ್ಟು, ಮುಂದೆ ಅವರ ಗದ್ದಲದ ಅಂಕವನ್ನು ಅವರದೇ ನಿಶ್ಶಬ್ದದ ಅಂಕದೊಡನೆ ಹೋಲಿಸಬೇಕು.

ಎರಡನೆಯ ಸುತ್ತಿಗೆ ಹಾರಾಟದಲ್ಲಿ ಪೈಲಟ್‌ನ ತಲೆಯ ಮಟ್ಟದಲ್ಲಿ ಧ್ವನಿಮುದ್ರಿಸಿದ ಸದ್ದನ್ನು ಕೋಣೆಯಲ್ಲಿ ನುಡಿಸಿ, ಕೇಳುವವರ ತಲೆಯ ಬಳಿ ಸೌಂಡ್ ಲೆವೆಲ್ ಮೀಟರ್ ಇಟ್ಟು ಮಟ್ಟ ಹೊಂದಿಸಬೇಕು. ಪ್ರೊಪೆಲರ್‌ನ ಕೆಳಸ್ತರದ ಮೊರೆತವನ್ನು ಸಣ್ಣ ಸ್ಪೀಕರ್‌ಗಳು ಹೊಮ್ಮಿಸಲಾರವು. ಮಾತಾಡುವವರೂ ಅದೇ ಸದ್ದಿನಲ್ಲಿರಬೇಕು; ಏಕೆಂದರೆ 1911ರಲ್ಲಿ ಫ್ರಾನ್ಸಿನ ಎತಿಯೆನ್ ಲೊಂಬಾರ್ ವಿವರಿಸಿದಂತೆ, ಗದ್ದಲದಲ್ಲಿ ಮನುಷ್ಯನ ದನಿ ತಾನಾಗಿಯೇ ಏರಿ ಅದರ ಗುಣವೂ ಬದಲಾಗುತ್ತದೆ. ಮೈಕ್ ತುಟಿಗೆ ತಾಗಿಕೊಂಡಂತಿರಲಿ. ಗದ್ದಲ ತಡೆಯುವ ಮೈಕಿನ ಪೊರೆಗೆ ದೂರದ ಸದ್ದು ಎರಡೂ ಬದಿಯಿಂದ ಹೆಚ್ಚುಕಡಿಮೆ ಸಮನಾಗಿ ತಾಗಿ ರದ್ದಾಗುತ್ತದೆ, ಹತ್ತಿರದ ಮಾತು ಉಳಿಯುತ್ತದೆ. ಮೈಕ್ ಒಂದೆರಡು ಬೆರಳು ಹಿಂದೆ ಸರಿದರೂ ಈ ಲಾಭ ಬಹುಪಾಲು ಹೋಗುತ್ತದೆ. ಹೀಗಾಗಿ ಪ್ರತಿ ಸುತ್ತಿಗೂ ಆ ಅಂತರವನ್ನು ಹೊಸದಾಗಿ ನೋಡಲೇಬೇಕು.

ಅಂದಾಜಿನಿಂದ ಸರಿಯಾದವುಗಳನ್ನು ಕಳೆಯಲು, ತಪ್ಪುಗಳ ಐದನೆಯ ಒಂದು ಭಾಗವನ್ನು ಸರಿಯುತ್ತರಗಳಿಂದ ತೆಗೆಯಬೇಕು. 50ರಲ್ಲಿ 44 ಸರಿ, 6 ತಪ್ಪಾದರೆ 42.8 ಉಳಿದು, ಶೇಕಡಾ 85.6 ಆಗುತ್ತದೆ. ಅಮೆರಿಕದ ಸೇನಾ ಮಾನದಂಡ ಮಿಲ್-ಎಸ್‌ಟಿಡಿ-1472 ಕನಿಷ್ಠಕ್ಕೆ ಶೇಕಡಾ 75, ಸಾಮಾನ್ಯ ಬಳಕೆಗೆ 91 ಎನ್ನುತ್ತದೆ. ಆದ್ದರಿಂದ ಈ ಫಲಿತಾಂಶ ಕನಿಷ್ಠ ಮಟ್ಟವನ್ನು ದಾಟಿದರೂ ಸಾಮಾನ್ಯ ಬಳಕೆಗೆ ಸಾಲದು.

ಮೊತ್ತಕ್ಕಿಂತಲೂ ಯಾವ ಧ್ವನಿಗಳು ತಪ್ಪಿದವು ಎಂಬುದು ಮುಖ್ಯ. ಸಕಾರ, ಫಕಾರಗಳ ಬಲ ಹೆಚ್ಚಿನ ಕಂಪನಾಂಕಗಳಲ್ಲಿರುತ್ತದೆ, ರೇಡಿಯೊ ಮಾರ್ಗವೋ ಅವನ್ನು ಬಹುಮಟ್ಟಿಗೆ ಕತ್ತರಿಸುತ್ತದೆ. ಆದ್ದರಿಂದ ಇಂಟರ್‌ಕಾಮ್ ಮತ್ತು ರೇಡಿಯೊಗಳನ್ನು ಬೇರೆಬೇರೆಯಾಗಿ ಪರೀಕ್ಷಿಸಬೇಕು. ಕೊನೆಗೆ ಅಂಕಿಗಳದೇ ಒಂದು ಸುತ್ತು ಇರಲಿ, ಅದರಲ್ಲಿ ಐದನ್ನು ಫೈಫ್ ಎಂದೂ ಒಂಬತ್ತನ್ನು ನೈನರ್ ಎಂದೂ ವಾಯುಯಾನದ ಉಚ್ಚಾರದಲ್ಲೇ ಹೇಳಿಸಬೇಕು.