ಆರೋಗ್ಯ ತಂತ್ರಜ್ಞಾನಗಳ ಮೌಲ್ಯಮಾಪನಕ್ಕೆ ಜಿಲ್ಲೆಯಲ್ಲಿ ತಂಡ ಕಟ್ಟುವ ಬಗೆ

ಹೊಸ ಔಷಧ, ಯಂತ್ರ ಅಥವಾ ಪರೀಕ್ಷೆಯೊಂದು ಖರ್ಚಾಗುವ ಹಣಕ್ಕೆ ತಕ್ಕಷ್ಟು ಆರೋಗ್ಯವನ್ನು ಕೊಡುತ್ತದೆಯೇ ಎಂದು ತೂಗಿ ನೋಡಲು ಕೇಂದ್ರದ ಆರೋಗ್ಯ ಸಂಶೋಧನಾ ಇಲಾಖೆಯಡಿ 2017ರಲ್ಲಿ ಎಚ್‌ಟಿಎಐಎನ್ (ಹೆಲ್ತ್ ಟೆಕ್ನಾಲಜಿ ಅಸೆಸ್‌ಮೆಂಟ್ ಇನ್ ಇಂಡಿಯಾ) ಎಂಬ ವ್ಯವಸ್ಥೆ ರೂಪುಗೊಂಡಿತು. ಆದರೆ ಈ ವ್ಯವಸ್ಥೆಯಡಿ ದೆಹಲಿಯ ಸಮಿತಿ ಕೈಗೊಳ್ಳುವ ತೀರ್ಮಾನ ಎಷ್ಟು ಗಟ್ಟಿ ಎಂಬುದು ಜಿಲ್ಲೆಗಳಿಂದ ಹೋಗುವ ಅಂಕಿಗಳನ್ನು ಅವಲಂಬಿಸಿದೆ. ಬೆಳಗಾವಿ, ಬಾಗಲಕೋಟೆ, ವಿಜಯಪುರಗಳ ವೈದ್ಯಕೀಯ ಕಾಲೇಜುಗಳಲ್ಲಿ ಈ ಕೆಲಸ ಆರಂಭಿಸಬಯಸುವವರಿಗಾಗಿ ಈ ಬರಹ.

ಮೊದಲು ಪ್ರಶ್ನೆಯನ್ನು ಗೊತ್ತುಮಾಡಿಕೊಳ್ಳಿ, ತಂತ್ರಾಂಶದ ತರಬೇತಿ ಆಮೇಲೆ. ಉತ್ತರ ಸಿಕ್ಕರೆ ಅದರಂತೆ ಖರೀದಿಸುವ ಇಲ್ಲವೇ ಖರೀದಿ ನಿಲ್ಲಿಸುವ ಅಧಿಕಾರವುಳ್ಳವರೇ ಆ ಪ್ರಶ್ನೆಯನ್ನು ಕೇಳಿರಬೇಕು. ಜಿಲ್ಲಾ ಆರೋಗ್ಯಾಧಿಕಾರಿಗಳೊಂದಿಗೆ ಕುಳಿತು ಬರೆದ ಒಂದು ಪುಟದ ಪ್ರಶ್ನೆ ಪ್ರಾಧ್ಯಾಪಕರು ತಾವೇ ಆರಿಸಿಕೊಂಡ ಹತ್ತು ವಿಷಯಗಳಿಗಿಂತ ಮೇಲು. ತಂಡ ಚಿಕ್ಕದಿರಲಿ: ಸಮುದಾಯ ವೈದ್ಯಶಾಸ್ತ್ರದವರೊಬ್ಬರು, ಸಂಖ್ಯಾಶಾಸ್ತ್ರಜ್ಞರೊಬ್ಬರು, ಅರ್ಥಶಾಸ್ತ್ರ ಬಲ್ಲವರೊಬ್ಬರು, ಆಸ್ಪತ್ರೆಯ ಲೆಕ್ಕಪತ್ರ ಓದಬಲ್ಲವರೊಬ್ಬರು. ಕೊನೆಯವರನ್ನು ಎಲ್ಲರೂ ಮರೆಯುತ್ತಾರೆ.

ಪರಿಣಾಮದ ಲೆಕ್ಕ ಕಲಿಯಲು ದೂರ ಹೋಗಬೇಕಿಲ್ಲ. ಹೆರಿಗೆಯ ನಂತರದ ರಕ್ತಸ್ರಾವ ತಡೆಯಲು ಮಿಸೊಪ್ರೊಸ್ಟಾಲ್ ಮಾತ್ರೆಯನ್ನು ಬೆಳಗಾವಿ ಜಿಲ್ಲೆಯ ಹಳ್ಳಿಗಳಲ್ಲಿ ಕಿರಿಯ ಆರೋಗ್ಯ ಸಹಾಯಕಿಯರ ಮೂಲಕ 1620 ಮಹಿಳೆಯರಲ್ಲಿ ಪರೀಕ್ಷಿಸಲಾಯಿತು. 2006ರಲ್ಲಿ ಪ್ರಕಟವಾದ ಫಲಿತಾಂಶದಂತೆ ಔಷಧವಿಲ್ಲದ ಹುಸಿಮಾತ್ರೆ ಪಡೆದವರಲ್ಲಿ ಶೇ. 12ರಷ್ಟಿದ್ದ ರಕ್ತಸ್ರಾವ ಮಾತ್ರೆ ಪಡೆದವರಲ್ಲಿ ಶೇ. 6.4ಕ್ಕೆ ಇಳಿದಿತ್ತು. ಅಂದರೆ ಸುಮಾರು 18 ಮಹಿಳೆಯರಿಗೆ ಮಾತ್ರೆ ಕೊಟ್ಟರೆ ಒಬ್ಬರ ರಕ್ತಸ್ರಾವ ತಪ್ಪುತ್ತದೆ. ಒಬ್ಬರಿಗೆ ತಗಲುವ ಮಾತ್ರೆ, ತರಬೇತಿ, ಸಾಗಾಟದ ಖರ್ಚನ್ನು 18ರಿಂದ ಗುಣಿಸಿ, ಉಳಿಯುವ ರಕ್ತ, ಆಂಬುಲೆನ್ಸ್, ಹಾಸಿಗೆಗಳ ಖರ್ಚನ್ನು ಕಳೆದರೆ ಒಬ್ಬರ ರಕ್ತಸ್ರಾವ ತಪ್ಪಿಸಲು ತಗಲುವ ಖರ್ಚು ಸಿಗುತ್ತದೆ; ಇದೇ ತಂಡಕ್ಕೆ ಮೊದಲ ಪಾಠ. ಎರಡನೆಯ ಪಾಠವೂ ಇಲ್ಲೇ ಇದೆ. ಹೆಚ್ಚಿನ ಹೆರಿಗೆಗಳು ಈಗ ಆಸ್ಪತ್ರೆಗಳಲ್ಲಿ, ಇದೇ ರಕ್ತಸ್ರಾವ ತಡೆಯುವ ಆಕ್ಸಿಟೋಸಿನ್ ಚುಚ್ಚುಮದ್ದಿನ ರಕ್ಷಣೆಯಲ್ಲಿ ಆಗುತ್ತಿರುವುದರಿಂದ ಇಂದಿನ ಹೋಲಿಕೆ ಹುಸಿಮಾತ್ರೆಯೊಂದಿಗಲ್ಲ, ಆ ಚುಚ್ಚುಮದ್ದಿನೊಂದಿಗೇ ನಡೆಯಬೇಕು.

ಹೆಚ್ಚು ಸಮಯ ಬೇಡುವುದು ವೆಚ್ಚದ ದಾಖಲೆ. ಆಸ್ಪತ್ರೆಯ ಬಿಲ್ಲು ವೆಚ್ಚವಲ್ಲ, ಸರ್ಕಾರದ ಆರೋಗ್ಯ ಕರ್ನಾಟಕ ಯೋಜನೆಯ ಪ್ಯಾಕೇಜ್ ದರವೂ ವೆಚ್ಚವಲ್ಲ. ಸಿಬ್ಬಂದಿಯ ವೇಳೆ, ಉಪಕರಣದ ಸವಕಳಿ, ವಿದ್ಯುತ್ತು, ಔಷಧ ಎಲ್ಲವನ್ನೂ ಬೇರೆಬೇರೆಯಾಗಿ ಅಳೆದು ಕೂಡಿಸಬೇಕು. ರೋಗಿಯ ಕೈಯಿಂದ ಹೋಗುವ ಹಣವನ್ನು ಪ್ರತ್ಯೇಕವಾಗಿ ಬರೆಯಿರಿ. ಈ ಭಾಗದ ಅನೇಕರು ಮಿರಜ, ಕೊಲ್ಹಾಪುರ, ಸೊಲ್ಲಾಪುರಗಳಿಗೆ ಚಿಕಿತ್ಸೆಗೆ ಹೋಗುವುದರಿಂದ, ಗಡಿಯಾಚೆಯ ಖರ್ಚನ್ನು ಮನೆಯಲ್ಲೇ ಕೇಳಿ ತಿಳಿಯದಿದ್ದರೆ ಲೆಕ್ಕ ಅರ್ಧಕ್ಕೇ ನಿಲ್ಲುತ್ತದೆ. ಇಂಡಿ, ಸಿಂದಗಿ ಕಡೆಯಿಂದ ಗುಳೆ ಹೋಗುವ ಕುಟುಂಬಗಳನ್ನು ಅವರು ಊರಲ್ಲಿರುವ ತಿಂಗಳುಗಳಲ್ಲೇ ಭೇಟಿಯಾಗುವಂತೆ ವೇಳಾಪಟ್ಟಿ ಹಾಕಿ. ಇಲ್ಲವಾದರೆ ಅತಿ ಬಡವರೇ ಅಧ್ಯಯನದಿಂದ ಜಾರಿಹೋಗುತ್ತಾರೆ.

ಜೀವನದ ಗುಣಮಟ್ಟ ಅಳೆಯಲು ಇಕ್ಯೂ-5ಡಿ-5ಎಲ್ ಪ್ರಶ್ನಾವಳಿ ಸಾಕು. ಓಡಾಟ, ಸ್ವಂತ ಆರೈಕೆ, ದಿನನಿತ್ಯದ ಕೆಲಸ, ನೋವು, ಆತಂಕ ಎಂಬ ಐದು ಅಂಶಗಳನ್ನು ಅದು ಐದು ಹಂತಗಳಲ್ಲಿ ಕೇಳುತ್ತದೆ. ಅದರ ಅಧಿಕೃತ ಕನ್ನಡ ರೂಪವನ್ನೇ ಬಳಸಿ, ಉತ್ತರಗಳಿಗೆ ಅಂಕ ಕೊಡುವಾಗ ಪರದೇಶದ ಮೌಲ್ಯಪಟ್ಟಿಯ ಬದಲು ಭಾರತೀಯರ ಆದ್ಯತೆಗಳಿಂದ ರೂಪಿಸಿದ ಪಟ್ಟಿಯನ್ನು ಹಿಡಿಯಿರಿ.

ಮುಂದಿನ ವರ್ಷಗಳ ವೆಚ್ಚ ಮತ್ತು ಫಲಗಳನ್ನು ಭಾರತದ ಮಾರ್ಗಸೂಚಿಯಂತೆ ವಾರ್ಷಿಕ ಶೇ. 3ರ ದರದಲ್ಲಿ ಇಂದಿನ ಮೌಲ್ಯಕ್ಕೆ ತನ್ನಿ. ಬಳಿಕ ಬೆಲೆ, ಪರಿಣಾಮ, ಬಳಕೆಯ ಪ್ರಮಾಣಗಳನ್ನು ಒಂದೊಂದಾಗಿ ಏರಿಳಿಸಿ, ತೀರ್ಮಾನ ಎಲ್ಲಿ ತಿರುಗುತ್ತದೆ ಎಂಬುದನ್ನು ವರದಿಯ ಮೊದಲ ಪುಟದಲ್ಲೇ ಬರೆಯಿರಿ. ಖರೀದಿ ಅಧಿಕಾರಿಗೆ ಬೇಕಾದದ್ದು ಆ ಸಂಖ್ಯೆಯೇ: ಯಾವ ಬೆಲೆಯವರೆಗೆ ಕೊಳ್ಳಬಹುದು ಎಂಬುದು. ಉಪಕರಣ ಮಾರುವ ಕಂಪನಿಯಿಂದ ಗೌರವಧನ, ಪ್ರವಾಸ ಅಥವಾ ಸಂಶೋಧನಾ ಹಣ ಪಡೆದ ಸದಸ್ಯರನ್ನು, ಅವರು ಎಷ್ಟೇ ಹಿರಿಯರಾಗಿದ್ದರೂ, ಆ ಪ್ರಶ್ನೆಯ ಮಟ್ಟಿಗೆ ಹೊರಗಿಡಿ. ವೆಚ್ಚದ ಮೂಲ ಹಾಳೆಗಳನ್ನು ರೋಗಿಗಳ ಗುರುತು ತೆಗೆದು ಕಾಲೇಜಿನ ಗ್ರಂಥಾಲಯದಲ್ಲಿಟ್ಟರೆ ಮುಂದಿನ ತಂಡ ಅದೇ ಹಾಸಿಗೆಯ ಖರ್ಚನ್ನು ಮತ್ತೊಮ್ಮೆ ಅಳೆಯಬೇಕಾಗುವುದಿಲ್ಲ.